ಕಾಗದ ಹಿಡಿದು ಬಂದ ದಂಡು

1536ರ ಕೊನೆಯ ತಿಂಗಳುಗಳಲ್ಲಿ, ದಕ್ಷಿಣ ಅಮೆರಿಕದ ಮಗ್ದಲೇನಾ ನದಿಯ ದಂಡೆಯ ಲಾ ತೋರಾ ಎಂಬ ಊರಿನಲ್ಲಿ, ಹಸಿವಿನಿಂದ ಕಂಗೆಟ್ಟಿದ್ದ ಸ್ಪೇನಿನ ದಂಡೊಂದರ ಕೈಗೆ ಉಪ್ಪಿನ ಅಚ್ಚುಗಳು ಸಿಕ್ಕವು. ಬೆಲ್ಲದಚ್ಚಿನ ಹಾಗೆ ಗಟ್ಟಿಯಾಗಿ ಕಟ್ಟಿದ ಉಪ್ಪು. ಅಲ್ಲಿಯವರೆಗೆ ಅವರು ಕಂಡದ್ದು ಕರಾವಳಿಯಿಂದ ನದಿಯುದ್ದಕ್ಕೂ ಕೈಬದಲಾಗುತ್ತ ಬರುವ ಕಡಲ ಹರಳುಪ್ಪು. ಇದು ಎದುರು ದಿಕ್ಕಿನಿಂದ, ಪೂರ್ವದ ಬೆಟ್ಟಗಳ ಮೇಲಿನಿಂದ ಇಳಿದು ಬಂದಿತ್ತು. ಜೊತೆಗೆ ನಯವಾಗಿ ನೇಯ್ದು ಬಣ್ಣ ಬರೆದ ಹತ್ತಿಬಟ್ಟೆಯೂ ಇತ್ತು. ಉಪ್ಪು ಬೇಯಿಸಿ, ಬಟ್ಟೆ ನೇಯ್ದು, ಎರಡನ್ನೂ ದೂರದೂರಿಗೆ ಮಾರುವಷ್ಟು ಅನುಕೂಲವಂತ ಜನ ಮೇಲೆಲ್ಲೋ ಇದ್ದಾರೆ ಎಂದು ದಂಡಿನ ನಾಯಕ ತರ್ಕಿಸಿದ. ನದಿಯ ದಾರಿ ಬಿಟ್ಟು ಬೆಟ್ಟ ಹತ್ತಲು ಅಪ್ಪಣೆ ಕೊಟ್ಟ.

ನಾಯಕನ ಹೆಸರು ಗೊನ್ಸಾಲೊ ಹಿಮೆನೆಸ್ ದೆ ಕೆಸಾದಾ. ಇನ್ನೂ ಮೂವತ್ತು ತುಂಬದ ವಕೀಲ. ಮೆಕ್ಸಿಕೊ ಗೆದ್ದ ಕೊರ್ತೆಸ್, ಪೆರು ಗೆದ್ದ ಪಿಸಾರೊ ಇವರ ಸಾಲಿನಲ್ಲೇ ಚರಿತ್ರೆ ಇವನನ್ನೂ ನಿಲ್ಲಿಸುತ್ತದೆ. ಆದರೆ ನನಗೆ ಇವನ ಕಥೆಯಲ್ಲಿ ಕತ್ತಿಗಿಂತ ಮುಖ್ಯವಾಗಿ ಕಾಣುವುದು ಕಾಗದ. ಇವನು ಇಟ್ಟ ಹೆಜ್ಜೆಹೆಜ್ಜೆಗೂ ಒಂದು ಅರ್ಜಿ, ಒಂದು ಸಾಕ್ಷಿ, ಒಂದು ತೀರ್ಪು ಇದೆ. ಕೊಲೆಗೂ ಕಡತವಿದೆ. ಕಾನೂನು ಬಲ್ಲವನೊಬ್ಬ ಇನ್ನೊಂದು ಜನಾಂಗದ ನಡುವೆ ಹೋಗಿ ನಿಂತಾಗ ಆ ಕಾನೂನು ಯಾರ ಕಡೆಗೆ ವಾಲಿತು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಬದುಕು ಆ ಶತಮಾನದಲ್ಲಿ ಹೆಚ್ಚಿಲ್ಲ.

ಕೆಸಾದಾ ಬಂದದ್ದು ನ್ಯಾಯಾಧಿಕಾರಿಯಾಗಿ. ಪೆದ್ರೊ ಫೆರ್ನಾಂದೆಸ್ ದೆ ಲುಗೊ ಎಂಬ ಗವರ್ನರ್ 1536ರ ಆರಂಭದಲ್ಲಿ ಸಾವಿರಕ್ಕೂ ಹೆಚ್ಚು ಜನರೊಂದಿಗೆ ಕೆರಿಬಿಯನ್ ತೀರದ ಸಾಂತಾ ಮಾರ್ತಾದಲ್ಲಿ ಇಳಿದ. ಊರು ಎನ್ನುವಂಥದ್ದೇನೂ ಅಲ್ಲಿರಲಿಲ್ಲ. ಹುಲ್ಲಿನ ಗುಡಿಸಲುಗಳು, ಊಟಕ್ಕೆ ತತ್ವಾರ, ಮೇಲೆ ಭೇದಿ ಜ್ವರ. ಜನರನ್ನು ಎಲ್ಲಿಗಾದರೂ ಸಾಗಿಸಲೇಬೇಕಿತ್ತು. ಮಗ್ದಲೇನಾ ನದಿಯ ಮೂಲ ಹುಡುಕಿ ಪೆರುವಿಗೆ ದಾರಿ ಕಾಣುವ ಆಸೆಯೂ ಇತ್ತು. ಏಪ್ರಿಲ್‌ನಲ್ಲಿ ಐನೂರು ಆರುನೂರು ಮಂದಿ ನೆಲದ ಮೇಲೆ, ಸುಮಾರು 200 ಮಂದಿ ದೋಣಿಗಳಲ್ಲಿ ಹೊರಟರು. ನದೀಮುಖದಲ್ಲೇ ಬಿರುಗಾಳಿಗೆ ಸಿಕ್ಕಿ ಹಲವು ದೋಣಿಗಳು ಒಡೆದುಹೋದವು. ನೆಲದ ದಂಡು ಜೌಗು, ಮೊಸಳೆ, ಜಾಗ್ವಾರ್, ವಿಷಬಾಣಗಳ ನಡುವೆ ಕಾಡು ಕಡಿಯುತ್ತ ನಡೆಯಿತು. ಸೊಂಟಪಟ್ಟಿಯ ಮತ್ತು ಗುರಾಣಿಯ ಚರ್ಮವನ್ನು ಬೇಯಿಸಿ ತಿಂದರು. ಹನ್ನೊಂದು ತಿಂಗಳ ನಂತರ, 1537ರ ಮಾರ್ಚ್‌ನಲ್ಲಿ ಒಪೋನ್ ಬೆಟ್ಟಸಾಲು ಹತ್ತಿ ಪ್ರಸ್ಥಭೂಮಿಯ ಅಂಚಿಗೆ ಬಂದಾಗ ಉಳಿದವರು ಸುಮಾರು 170 ಜನ, ಅರವತ್ತರ ಆಸುಪಾಸು ಕುದುರೆಗಳು. ಹೊರೆ ಹೊತ್ತು ಸತ್ತ ಸ್ಥಳೀಯರೂ ಗುಲಾಮರೂ ಈ ಲೆಕ್ಕದಲ್ಲಿಲ್ಲ.

ಬೆಟ್ಟದ ಮೇಲೆ ಕಂಡದ್ದು ಬೇರೆಯದೇ ಲೋಕ. ಸಮುದ್ರಮಟ್ಟದಿಂದ ಸುಮಾರು 2,600 ಮೀಟರ್ ಎತ್ತರದ ತಂಪು ಬಯಲು, ಸರೋವರಗಳು, ಜೌಗುನೆಲದಲ್ಲಿ ಏರಿ ಕಟ್ಟಿ ಮಾಡಿದ ಹೊಲಗಳು, ಮೆಕ್ಕೆಜೋಳ, ಹುರುಳಿಕಾಯಿ, ಆಲೂಗಡ್ಡೆ. ಇಲ್ಲೇ, ವೇಲೆಸ್ ಸೀಮೆಯ ಹಳ್ಳಿಗಳಲ್ಲಿ, ಕೆಸಾದಾನ ಸೈನಿಕರು ಆಲೂಗಡ್ಡೆಯನ್ನು ಮೊದಲು ಕಂಡರು. ಯೂರೋಪಿನವರು ಬರೆದಿಟ್ಟ ಆಲೂಗಡ್ಡೆಯ ಆರಂಭದ ವರ್ಣನೆಗಳಲ್ಲಿ ಅದೂ ಒಂದು. ನಮ್ಮ ಹಾಸನದ ಹೊಲಗಳವರೆಗೆ ಹಬ್ಬಿದ ಬೆಳೆ ಹೊರಲೋಕದ ಬರವಣಿಗೆಗೆ ಬಂದದ್ದು ಹೀಗೆ, ಹಸಿದ ಸೈನಿಕರ ನೆನಪಿನ ಮೂಲಕ.

ಈ ನೆಲದ ಜನ ಮುಯಿಸ್ಕಾಗಳು. ದಕ್ಷಿಣದ ಬಕತಾದಲ್ಲಿ ಸಿಪಾ, ಉತ್ತರದ ಉನ್ಸಾದಲ್ಲಿ ಸಾಕೆ ಎಂಬ ಇಬ್ಬರು ದೊಡ್ಡ ಒಡೆಯರು. ಸುಗಾಮುಶಿಯಲ್ಲಿ ಸೂರ್ಯನ ಗುಡಿ ಮತ್ತು ಅದರ ಅರ್ಚಕ. ಇವರ ಕೆಳಗೆ ನೂರಾರು ಊರಗೌಡರು. ಅಧಿಕಾರ ತಂದೆಯಿಂದ ಮಗನಿಗೆ ಹೋಗುತ್ತಿರಲಿಲ್ಲ. ತುಳುನಾಡಿನ ಅಳಿಯಸಂತಾನದ ಕಟ್ಟಿನಂತೆಯೇ ಅಕ್ಕತಂಗಿಯರ ಮಗನಿಗೆ ಸಲ್ಲುತ್ತಿತ್ತು. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಇದೇ ಕಟ್ಟು ಎರಡು ಸಲ ಅಡ್ಡ ಬರುತ್ತದೆ. ಸಿಪಾಕಿರಾ, ನೆಮೊಕೋನ್, ತೌಸಾದ ಉಪ್ಪುನೀರಿನ ಬುಗ್ಗೆಗಳಿಂದ ನೀರು ತಂದು ದೊಡ್ಡ ಮಣ್ಣಿನ ಗಡಿಗೆಗಳಲ್ಲಿ ಕುದಿಸಿ, ಉಪ್ಪು ಕಟ್ಟಿದ ಮೇಲೆ ಗಡಿಗೆ ಒಡೆದು ಅಚ್ಚು ತೆಗೆಯುತ್ತಿದ್ದರು. ಆ ಉಪ್ಪು ಮತ್ತು ಬಟ್ಟೆಯನ್ನು ಕೊಟ್ಟು ಕೆಳನಾಡಿನಿಂದ ಹತ್ತಿ, ಚಿನ್ನ ತರುತ್ತಿದ್ದರು. ಚಿನ್ನಕ್ಕೆ ತಾಮ್ರ ಬೆರೆಸಿ ಎರಕ ಹೊಯ್ದು ಬೆರಳುದ್ದದ ಬೊಂಬೆಗಳನ್ನು ಮಾಡಿ ಕೆರೆಗೆ, ಗುಹೆಗೆ, ಗುಡಿಗೆ ಹರಕೆಯಾಗಿ ಒಪ್ಪಿಸುತ್ತಿದ್ದರು. ಗ್ವಾತಾವಿತಾ ಸರೋವರದಲ್ಲಿ ಹೊಸ ಒಡೆಯ ಮೈಗೆಲ್ಲ ಚಿನ್ನದ ಪುಡಿ ಬಳಿದುಕೊಂಡು ತೆಪ್ಪದ ಮೇಲೆ ಹೋಗಿ ಹರಕೆ ಮುಳುಗಿಸುತ್ತಿದ್ದ ಎಂಬ ವಿವರಗಳಿಂದಲೇ ಎಲ್ ದೊರಾದೊ ಕಥೆ ಬೆಳೆಯಿತು. 1969ರಲ್ಲಿ ಪಾಸ್ಕಾ ಊರಿನ ಬಳಿ ಒಂದು ಗುಹೆಯಲ್ಲಿ ಸಿಕ್ಕ ಪುಟ್ಟ ಚಿನ್ನದ ತೆಪ್ಪ ಇಂದು ಬೊಗೊತಾದ ಚಿನ್ನದ ವಸ್ತುಸಂಗ್ರಹಾಲಯದಲ್ಲಿದೆ. ನಟ್ಟನಡುವೆ ಎತ್ತರದ ಒಡೆಯ, ಸುತ್ತ ಪರಿವಾರ.

ಮರದ ಗೂಟಗಳ ಎತ್ತರದ ಬೇಲಿಯೊಳಗೆ ಕಟ್ಟಿದ ಒಡೆಯರ ಮನೆಗಳನ್ನು ದೂರದಿಂದ ಕಂಡ ಕೆಸಾದಾ ಆ ಬಯಲಿಗೆ ಅರಮನೆಗಳ ಕಣಿವೆ ಎಂದು ಹೆಸರಿಟ್ಟ. ತಾನು ಬೆಳೆದ ಗ್ರನಾದಾದ ಬಯಲು ಅವನಿಗೆ ನೆನಪಾಯಿತು. ನಾಡಿಗೂ ಮುಂದೆ ಗ್ರನಾದಾದ ಹೊಸ ರಾಜ್ಯ ಎಂದೇ ಹೆಸರಾಯಿತು.

ಬೆಟ್ಟ ಹತ್ತಿದ ಮೇಲೆ ಅವನು ಮಾಡಿದ ಆರಂಭದ ಕೆಲಸಗಳು ಅವನ ಕಸುಬನ್ನು ಹೇಳುತ್ತವೆ. ಲುಗೊ ಕೊಟ್ಟ ಪದವಿಯನ್ನು ಬಿಟ್ಟುಕೊಟ್ಟು, ಸೈನಿಕರಿಂದಲೇ ತನ್ನನ್ನು ಮುಖ್ಯ ದಳಪತಿಯಾಗಿ ಆಯ್ಕೆ ಮಾಡಿಸಿಕೊಂಡ. ಇನ್ನು ಗೆದ್ದದ್ದರಲ್ಲಿ ಕರಾವಳಿಯ ಗವರ್ನರನಿಗೆ ಹಕ್ಕು ಕಡಿಮೆ, ತನಗೆ ಹೆಚ್ಚು. ಸ್ಥಳೀಯರಿಂದ ಬಟ್ಟೆ ಕಸಿದನೆಂದು ಹ್ವಾನ್ ಗೋರ್ದೊ ಎಂಬ ತನ್ನದೇ ಸೈನಿಕನಿಗೆ ಮರಣದಂಡನೆ ವಿಧಿಸಿದ. ಅಪ್ಪಣೆಯಿಲ್ಲದೆ ಯಾರೂ ಯಾವುದನ್ನೂ ಮುಟ್ಟಬಾರದು ಎಂಬುದು ಕಟ್ಟಳೆ. ಇದನ್ನು ಓದುವಾಗ ಮೊದಲಿಗೆ ಗೌರವ ಹುಟ್ಟುತ್ತದೆ. ಆಮೇಲೆ ಆ ಅಪ್ಪಣೆ ಏನನ್ನು ಕಾಯುತ್ತಿತ್ತು ಎಂದು ಕಾಣುತ್ತದೆ. ಒಬ್ಬೊಬ್ಬನೇ ಕದ್ದರೆ ಅಪರಾಧ; ಎಲ್ಲರೂ ಸೇರಿ ಕಸಿದು, ಲೆಕ್ಕ ಬರೆದು, ಐದರಲ್ಲಿ ಒಂದು ಪಾಲನ್ನು ದೊರೆಗೆ ಎತ್ತಿಟ್ಟರೆ ಅದು ಸೇವೆ.

ಲೆಕ್ಕ ಬೇಗನೆ ದೊಡ್ಡದಾಯಿತು. ಸೊಮೊಂದೋಕೊದ ಪಚ್ಚೆಯ ಗಣಿಗಳನ್ನು ಹುಡುಕಿದರು. 1537ರ ಆಗಸ್ಟ್ 20ರ ಸಂಜೆ ಉನ್ಸಾದ ಮೇಲೆ ಎರಗಿ ವಯಸ್ಸಾದ ಸಾಕೆಯನ್ನು ಅವನ ಮನೆಯಲ್ಲೇ ಸೆರೆಹಿಡಿದರು. ಬಾಗಿಲುಗಳಿಗೆ ತೂಗುಬಿಟ್ಟ ಚಿನ್ನದ ತಗಡುಗಳು ಗಾಳಿಗೆ ತಾಕಿ ಸದ್ದು ಮಾಡುತ್ತಿದ್ದವೆಂದು ಬರೆದಿಟ್ಟಿದ್ದಾರೆ. ಆ ತಗಡುಗಳೆಲ್ಲ ಅದೇ ರಾತ್ರಿ ಅಂಗಳದ ರಾಶಿಗೆ ಸೇರಿದವು. ಮುಂದಿನ ತಿಂಗಳು ಸುಗಾಮುಶಿ. ಇಬ್ಬರು ಸೈನಿಕರು ಪಂಜು ಹಿಡಿದು ಸೂರ್ಯನ ಗುಡಿಯೊಳಗೆ ನುಗ್ಗಿದರು, ನೆಲಕ್ಕೆ ಹಾಸಿದ್ದ ಹುಲ್ಲಿಗೆ ಕಿಡಿ ತಗುಲಿತು, ಭಾರಿ ಮರದ ಕಂಬಗಳ ಗುಡಿ ಸುಟ್ಟುಹೋಯಿತು. 1538ರ ಜೂನ್‌ನಲ್ಲಿ ಹಂಚಿಕೆಯಾದಾಗ 1,91,000 ಪೆಸೊಗೂ ಮಿಕ್ಕಿದ ಅಪ್ಪಟ ಚಿನ್ನ, 37,000 ಪೆಸೊಗೂ ಹೆಚ್ಚು ಕೀಳುಚಿನ್ನ, 1,800ಕ್ಕೂ ಹೆಚ್ಚು ಪಚ್ಚೆಗಳಿದ್ದವು. ಕಾಲಾಳಿಗೆ ಒಂದು ಪಾಲು, ಸವಾರನಿಗೆ ಎರಡು. ಗವರ್ನರ್ ಲುಗೊನಿಗೂ ಪಾಲು ತೆಗೆದಿಟ್ಟರು; ಅವನು ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಈ ಬೆಟ್ಟಗಳ ಪಚ್ಚೆ ಮುಂದಿನ ದಶಕಗಳಲ್ಲಿ ಸಾಗರ ದಾಟಿ ಗೋವೆಯ ಬಂದರಿಗೆ ಬಂತು, ಅಲ್ಲಿಂದ ದಖ್ಖಣದ ಸುಲ್ತಾನರ ಮತ್ತು ಮೊಗಲರ ಖಜಾನೆ ಸೇರಿತು. ಇಂದು ವಸ್ತುಸಂಗ್ರಹಾಲಯಗಳಲ್ಲಿ ನಾವು ಬೆರಗಾಗಿ ನೋಡುವ ಮೊಗಲ್ ಪಚ್ಚೆಗಳಲ್ಲಿ ಬಹುಪಾಲು ಇಲ್ಲಿಯವೇ.

ಆದರೂ ಸೈನಿಕರ ಮನಸ್ಸಿಗೆ ತೃಪ್ತಿಯಿರಲಿಲ್ಲ. ಬಕತಾದ ಸಿಪಾ ತಿಸ್ಕೆಸುಸಾ ಅವರ ಕೈಗೆ ಸಿಗದೆ ಮೊದಲೇ ಊರು ಬಿಟ್ಟಿದ್ದ, ಅವನ ಮನೆಗಳು ಬರಿದಾಗಿದ್ದವು. ಒಂದು ರಾತ್ರಿ ಅವನ ಅಡಗುತಾಣದ ಮೇಲೆ ದಾಳಿಯಾದಾಗ, ಯಾರೆಂದು ತಿಳಿಯದೆಯೇ ಒಬ್ಬ ಸೈನಿಕ ಅವನನ್ನು ತಿವಿದ; ಸಿಪಾ ಬೆಟ್ಟದಲ್ಲಿ ಪ್ರಾಣಬಿಟ್ಟ. ಅವನ ಭಂಡಾರ ಎಲ್ಲಿ ಎಂಬ ಪ್ರಶ್ನೆ ಮಾತ್ರ ಉಳಿಯಿತು.

ಅವನ ನಂತರ ಅಧಿಕಾರ ಹಿಡಿದವನು ಸಾಗಿಪಾ. ಅಳಿಯಸಂತಾನದ ಪ್ರಕಾರ ಪಟ್ಟ ಚೀಯಾ ಊರಿನ ಒಡೆಯನಿಗೆ ಸಲ್ಲಬೇಕಿತ್ತು. ಯುದ್ಧಕಾಲದಲ್ಲಿ ಸಮರ್ಥ ದಳಪತಿಯಾದ ಸಾಗಿಪಾ ಮುಂದೆ ಬಂದ. ಅವನು ಮೊದಲು ಕಾದಾಡಿದ, ಆಮೇಲೆ ಸ್ಪೇನಿಗರೊಂದಿಗೆ ಸಂಧಾನಕ್ಕೆ ಬಂದ. ಅವನ ಲೆಕ್ಕಾಚಾರ ಅರ್ಥವಾಗುವಂಥದ್ದೇ. ಪಶ್ಚಿಮದ ಇಳಿಜಾರಿನ ಪಾಂಚೆಗಳು ಮುಯಿಸ್ಕಾಗಳ ಹಳೆಯ ಶತ್ರುಗಳು. ಕುದುರೆಯ ದಂಡು ಜೊತೆಗಿದ್ದರೆ ಅವರನ್ನು ಹಣಿಯಬಹುದು. 1538ರ ಆಗಸ್ಟ್‌ನಲ್ಲಿ ತೊಕಾರೆಮಾದಲ್ಲಿ ಎರಡು ಪಡೆಗಳು ಒಟ್ಟಾಗಿ ಕಾದಾಡಿ ಪಾಂಚೆಗಳನ್ನು ಸೋಲಿಸಿದವು. ಅದೇ ತಿಂಗಳ 6ರಂದು ಕೆಸಾದಾ ಹನ್ನೆರಡು ಹುಲ್ಲಿನ ಮನೆ ಕಟ್ಟಿಸಿ, ಪಾದ್ರಿಯಿಂದ ಪೂಜೆ ಮಾಡಿಸಿ ಸಾಂತಾಫೆ ಊರನ್ನು ನೆಲೆಗೊಳಿಸಿದ್ದ. ಇಂದಿನ ಬೊಗೊತಾ ಆ ದಿನವನ್ನೇ ತನ್ನ ಹುಟ್ಟುಹಬ್ಬವೆಂದು ಆಚರಿಸುತ್ತದೆ.

ಯುದ್ಧ ಮುಗಿದ ಮೇಲೆ ಮಿತ್ರ ಕೈದಿಯಾದ. ಅದು ನಡೆದ ಬಗೆಯನ್ನು ನೋಡಬೇಕು. ಸೈನಿಕರು ತಮ್ಮ ಪರವಾಗಿ ಒಬ್ಬ ವಕಾಲತ್ತುದಾರನನ್ನು ನೇಮಿಸಿ ಕೆಸಾದಾನಿಗೆ ಅರ್ಜಿ ಕೊಟ್ಟರು. ತಿಸ್ಕೆಸುಸಾ ದೊರೆಯ ವಿರುದ್ಧ ದಂಗೆಯೆದ್ದವನು, ಆದ್ದರಿಂದ ಅವನ ಸ್ವತ್ತು ಜಪ್ತಿಗೆ ಯೋಗ್ಯ. ಸಾಗಿಪಾ ಅದನ್ನು ಬಚ್ಚಿಟ್ಟಿದ್ದಾನೆ. ಅವನು ಹಕ್ಕಿನ ಉತ್ತರಾಧಿಕಾರಿಯೂ ಅಲ್ಲ. ಬೆಟ್ಟದಾಚೆಯ ರಾಜನ ಹೆಸರನ್ನೇ ಕೇಳದಿದ್ದ ಒಡೆಯ ಆ ರಾಜನಿಗೆ ದ್ರೋಹಿಯಾದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಮುಯಿಸ್ಕಾಗಳ ಸ್ವಂತ ಕಟ್ಟಳೆಯನ್ನು ಸ್ಪೇನಿಗರು ಗೌರವಿಸಿದ್ದು ಇದೊಂದು ಕಡೆ, ಅದನ್ನು ಮುಯಿಸ್ಕಾ ಒಡೆಯನ ಮೇಲೆ ತಿರುಗಿಸಲು. ಕೈದಿಯ ಪರವಾಗಿ ವಾದಿಸಲು ಕೆಸಾದಾ ನೇಮಿಸಿದ್ದು ತನ್ನ ತಮ್ಮ ಎರ್ನಾನ್ ಪೆರೆಸ್‌ನನ್ನು. ಲಿಪಿಕಾರ ಎಲ್ಲವನ್ನೂ ಬರೆದುಕೊಂಡ. ಆಮೇಲೆ ಚಿತ್ರಹಿಂಸೆಗೆ ಆಜ್ಞೆಯಾಯಿತು. ಕೈಗಳನ್ನು ಹಿಂದಕ್ಕೆ ಕಟ್ಟಿ ಹಗ್ಗದಲ್ಲಿ ಮೇಲೆತ್ತಿ ಕೆಡವಿದರು, ಅಂಗಾಲು ಸುಟ್ಟರು. ಸಾಗಿಪಾ ಭಂಡಾರ ತೋರಿಸಲಿಲ್ಲ. ತೋರಿಸಲು ಅವನ ಬಳಿ ಇತ್ತೆಂಬುದಕ್ಕೆ ಯಾವ ಆಧಾರವೂ ಇಲ್ಲ. 1539ರ ಆರಂಭದಲ್ಲಿ ಸೆರೆಯಲ್ಲೇ ಸತ್ತ. ಸಿಪಾಗಳ ಪರಂಪರೆ ಅಲ್ಲಿಗೆ ನಿಂತಿತು.

ಈ ಘಟನೆಯನ್ನು ಸೈನಿಕರ ದುರಾಸೆಯೊಂದರ ತಲೆಗೆ ಕಟ್ಟಿ ಕೆಸಾದಾನನ್ನು ಪಾರುಮಾಡುವ ಚರಿತ್ರಕಾರರಿದ್ದಾರೆ. ಒತ್ತಡವಿತ್ತು ಎಂಬುದು ನಿಜ. ಆದರೆ ಆ ಬೆಟ್ಟದ ಮೇಲೆ ಅರ್ಜಿ ತಳ್ಳಿಹಾಕುವ ಅಧಿಕಾರವಿದ್ದದ್ದು ಅವನೊಬ್ಬನಿಗೆ; ಆ ವಿಚಾರಣೆಯ ಪೊಳ್ಳುತನವನ್ನು ತಿಳಿಯುವಷ್ಟು ಓದು ಇದ್ದದ್ದೂ ಅವನಿಗೇ. ನನ್ನ ಮಟ್ಟಿಗೆ ಅವನ ಪಾಲು ಹಗ್ಗ ಎಳೆದವರ ಪಾಲಿಗಿಂತ ದೊಡ್ಡದು.

ಇದೇ ತಿಂಗಳುಗಳಲ್ಲಿ ಇನ್ನೊಬ್ಬ ಸ್ಪೇನಿಗನ ಬದುಕು ಬೇರೆ ದಾರಿ ಹಿಡಿಯಿತು. ಲಾಸರೊ ಫೋಂತೆ ಎಂಬ ದಳನಾಯಕ ಲೆಕ್ಕಕ್ಕೆ ತಾರದೆ ಪಚ್ಚೆ ವ್ಯಾಪಾರ ಮಾಡಿದನೆಂಬ ಆರೋಪ ಬಂತು. ಕೆಸಾದಾ ಮರಣದಂಡನೆ ವಿಧಿಸಿದ. ಉಳಿದ ನಾಯಕರು ಬೇಡಿಕೊಂಡದ್ದರಿಂದ ಅದು ಗಡೀಪಾರಿಗೆ ಇಳಿಯಿತು. ಆಯುಧವಿಲ್ಲದೆ ಅವನನ್ನು ಪಾಸ್ಕಾಕ್ಕೆ ಒಯ್ದು ಬಿಟ್ಟರು. ಅಲ್ಲಿಯ ಮುಯಿಸ್ಕಾಗಳು ಸ್ಪೇನಿಗರ ಮೇಲೆ ಕುದಿಯುತ್ತಿದ್ದರು, ಅವನನ್ನು ಕೊಲ್ಲುವರೆಂದೇ ಎಲ್ಲರ ಎಣಿಕೆ. ಅವನೊಂದಿಗೆ ಹೋದವಳು ಬಕತಾದ ಸೀಮೆಯ ಒಬ್ಬ ಹೆಂಗಸು. ಬೆಳಗಾದಾಗ ಅವಳು ಇದ್ದಬದ್ದ ಒಳ್ಳೆಯ ಬಟ್ಟೆ ಉಟ್ಟು, ಒಡವೆ ತೊಟ್ಟು ಊರಬಾಗಿಲಲ್ಲಿ ನಿಂತಳಂತೆ. ಬಂದವರಿಗೆ ಅವರದೇ ಭಾಷೆಯಲ್ಲಿ ಹೇಳಿದಳು: ಈತ ನಿಮ್ಮ ಶತ್ರುವಲ್ಲ, ನಿಮ್ಮ ಪರವಾಗಿ ನಿಂತದ್ದಕ್ಕೇ ತನ್ನವರಿಂದ ಹೊರದೂಡಿಸಿಕೊಂಡವನು. ಊರವರು ನಂಬಿದರು, ಅವನಿಗೆ ಊಟ, ನೆರಳು ಕೊಟ್ಟರು. ಸ್ಪೇನಿನವರು ಬರೆದ ವೃತ್ತಾಂತದಲ್ಲಿ ಇಷ್ಟು ಉಳಿದಿದೆ, ಅವಳ ಹೆಸರು ಉಳಿದಿಲ್ಲ. ಸೈನಿಕರ ಪಾಲುಪಟ್ಟಿಯಲ್ಲಿ ಕುದುರೆಗೂ ಲೆಕ್ಕವಿದ್ದಾಗ ಈ ಹೆಂಗಸಿನ ಹೆಸರು ಬರೆಯಲು ಯಾರಿಗೂ ತೋಚದೆ ಹೋದದ್ದು ನನ್ನನ್ನು ಕಾಡುತ್ತದೆ.

ಫೋಂತೆಗೆ ಪಾಸ್ಕಾದಲ್ಲೇ ಒಂದು ಸುದ್ದಿ ಸಿಕ್ಕಿತು. ಪೂರ್ವದ ಬಯಲಿನ ಕಡೆಯಿಂದ ಬೇರೊಂದು ಬಿಳಿಯರ ದಂಡು ಬೆಟ್ಟ ಹತ್ತುತ್ತಿದೆ. ಅವನು ಜಿಂಕೆಯ ಚರ್ಮದ ಮೇಲೆ ಕೆಂಪು ಬಣ್ಣದ ಬೀಜದ ರಸದಲ್ಲಿ ಬರೆದು ಕೆಸಾದಾನಿಗೆ ಕಳಿಸಿದ. ಆ ಪತ್ರ ಅವನ ಗಡೀಪಾರನ್ನು ಕೊನೆಗೊಳಿಸಿತು. ಬರುತ್ತಿದ್ದವನು ವೆನೆಜುವೆಲಾದಿಂದ ಹೊರಟ ಜರ್ಮನ್ ನಿಕೊಲಾಸ್ ಫೆದರ್ಮಾನ್. ಇತ್ತ ದಕ್ಷಿಣದ ಕೀತೊದಿಂದ ಸೆಬಾಸ್ತಿಯಾನ್ ದೆ ಬೆಲಾಲ್ಕಾಸರ್ ಕೂಡ ಬಂದ. 1539ರ ಆರಂಭದಲ್ಲಿ, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಮೂರು ದಿಕ್ಕಿನಿಂದ ಹೊರಟ ಮೂರು ಪಡೆಗಳು ಅದೇ ಬಯಲಿನಲ್ಲಿ ಕೂಡಿದವು. ಫೆದರ್ಮಾನನವರು ಪ್ರಾಣಿಚರ್ಮ ಹೊದ್ದಿದ್ದರು, ಬೆಲಾಲ್ಕಾಸರನವರು ರೇಷ್ಮೆ ತೊಟ್ಟಿದ್ದರು, ಕೆಸಾದಾನವರ ಮೈಮೇಲಿದ್ದದ್ದು ಮುಯಿಸ್ಕಾ ನೇಯ್ಗೆಯ ಹತ್ತಿಬಟ್ಟೆ. ಒಬ್ಬರು ಕೋಳಿ ತಂದಿದ್ದರು, ಇನ್ನೊಬ್ಬರು ಹಂದಿ. ಕತ್ತಿ ಹಿರಿಯಬೇಕಾದ ಜಾಗದಲ್ಲಿ ಮೂವರೂ ಒಪ್ಪಂದ ಬರೆದರು: ಸ್ಪೇನಿಗೆ ಹೋಗಿ ದೊರೆಯ ಮುಂದೆಯೇ ಹಕ್ಕು ಇತ್ಯರ್ಥವಾಗಲಿ. ಮೇ ತಿಂಗಳಲ್ಲಿ ಒಟ್ಟಿಗೆ ಮಗ್ದಲೇನಾದಲ್ಲಿ ಇಳಿದು ಹೋದರು. ಎರಡು ವರ್ಷಕ್ಕೆ ಸ್ವಲ್ಪ ಹೆಚ್ಚು ಕಾಲ ಮುಯಿಸ್ಕಾಗಳ ನಡುವೆ ಇದ್ದು ಕೆಸಾದಾ ಹೊರಟುಹೋದ.

ನಾಡನ್ನು ತಮ್ಮ ಎರ್ನಾನ್ ಪೆರೆಸ್‌ಗೆ ಒಪ್ಪಿಸಿದ್ದ. 1540ರಲ್ಲಿ ಅವನು ದಂಗೆಯ ಗುಮಾನಿಯ ಮೇಲೆ ತುನ್ಹಾದಲ್ಲಿ, ಅಂದರೆ ಹಳೆಯ ಉನ್ಸಾದಲ್ಲಿ, ಕೊನೆಯ ಸಾಕೆ ಅಕಿಮಿನ್ಸಾಕೆಯ ಮತ್ತು ಹಲವು ಒಡೆಯರ ತಲೆ ಕಡಿಸಿದ. 1544ರಲ್ಲಿ ಕರಾವಳಿಯ ಹಡಗಿನಲ್ಲಿ ಸಿಡಿಲು ಬಡಿದು ಸತ್ತ. ನಾಡಿನಲ್ಲಿ ಉಳಿದ ಸ್ಪೇನಿಗರಿಗೆ ಹಳ್ಳಿಗಳನ್ನು ಹಂಚಲಾಯಿತು; ಆ ಹಳ್ಳಿಯವರ ತೆರಿಗೆ ಮತ್ತು ದುಡಿಮೆ ಅವರದು, ಪ್ರತಿಯಾಗಿ ಕ್ರೈಸ್ತಧರ್ಮ ಕಲಿಸುವ ಹೊಣೆ. ತೆರಿಗೆ ಸಂಗ್ರಹವಾಯಿತು. 1558ರ ಸಿಡುಬು ಊರೂರನ್ನು ಖಾಲಿ ಮಾಡಿತು.

ಸ್ಪೇನಿನಲ್ಲಿ ಕೆಸಾದಾನಿಗೆ ರಾಜ್ಯ ಸಿಗಲಿಲ್ಲ. ಗವರ್ನರ್ ಪದವಿ ಲುಗೊನ ಮಗನ ಪಾಲಾಯಿತು. ಅದಕ್ಕಿಂತ ಹೆಚ್ಚಾಗಿ, ಅಮೆರಿಕದ ನಾಡುಗಳ ಆಡಳಿತ ನೋಡುತ್ತಿದ್ದ ಇಂಡೀಸ್ ಮಂಡಳಿಯ ಸರಕಾರಿ ವಕೀಲ ಸಾಗಿಪಾನ ಸಾವಿಗಾಗಿ ಅವನ ಮೇಲೆ ಮೊಕದ್ದಮೆ ಹೂಡಿದ. ಬೆಟ್ಟದ ಮೇಲಿನ ಕಡತಗಳೇ ಈಗ ಸಾಕ್ಷಿ. ದಂಡ, ಗಡೀಪಾರು, ಹುದ್ದೆಯಿಂದ ಅಮಾನತು ಎಂದು ತೀರ್ಪು ಬಂತು. ಮೇಲ್ಮನವಿಗಳಲ್ಲಿ ಅದು ಸಡಿಲವಾಯಿತು. ಫ್ರಾನ್ಸ್, ಇಟಲಿ, ಪೋರ್ಚುಗಲ್ ಎಂದು ಅಲೆದು, ಮಾರ್ಷಲ್ ಎಂಬ ಗೌರವಪದವಿಯೊಂದಿಗೆ 1550ರ ದಶಕದ ಆರಂಭದಲ್ಲಿ ಸಾಂತಾಫೆಗೆ ಮರಳಿದ. ಹಳ್ಳಿ ಪಡೆದ ಹಳೆಯ ಜೊತೆಗಾರರ ಪರವಾಗಿ ವಾದಿಸುವುದು ಅವನ ಮುಪ್ಪಿನ ಕಸುಬಾಯಿತು. 1567ರಲ್ಲಿ ದೊಡ್ಡ ಗ್ರಂಥವೊಂದನ್ನು ಬರೆದ. ಇಟಲಿಯ ಚರಿತ್ರಕಾರ ಪಾವ್ಲೊ ಜೋವಿಯೊ ಸ್ಪೇನಿಗರನ್ನು ಹಳಿದದ್ದಕ್ಕೆ ಉತ್ತರ ಅದು. ಯೂರೋಪಿನ ರಣಭೂಮಿಗಳಲ್ಲಿ ಸ್ಪೇನಿನ ಮಾನ ಕಾಯುವ ವಾದ. 1569ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಸುಮಾರು 300 ಸ್ಪೇನಿಗರನ್ನೂ 1,500ರಷ್ಟು ಸ್ಥಳೀಯರನ್ನೂ ಕಟ್ಟಿಕೊಂಡು ಎಲ್ ದೊರಾದೊ ಹುಡುಕಲು ಪೂರ್ವದ ಬಯಲಿಗೆ ಇಳಿದ. ಮೂರು ವರ್ಷದ ಮೇಲೆ ಕೆಲವೇ ಜನರೊಂದಿಗೆ ಬರಿಗೈಲಿ ಮರಳಿದ. ಸ್ಥಳೀಯರಲ್ಲಿ ಬದುಕಿ ಬಂದವರು ಬೆರಳೆಣಿಕೆಯಷ್ಟು. 1579ರ ಫೆಬ್ರವರಿ 16ರಂದು ಬಿಸಿನಾಡಿನ ಮಾರಿಕೀತಾದಲ್ಲಿ ಸಾಲಗಾರನಾಗಿ ಸತ್ತ.

ಅವನು ಸಾಯುವ ಹೊತ್ತಿಗೆ ಮುಯಿಸ್ಕಾಗಳ ಒಂದು ಅಹವಾಲು ಮ್ಯಾಡ್ರಿಡ್ ಮುಟ್ಟಿತ್ತು. ತುರ್ಮೆಕೆ ಊರನ್ನು ಪಡೆದ ವಿಜೇತ ಹ್ವಾನ್ ದೆ ತೋರೆಸ್‌ಗೆ ಆ ಊರಿನ ಒಡೆಯನ ಸೋದರಿ ಕತಲೀನಾ ದೆ ಮೊಯಾಚೋಕೆಯಲ್ಲಿ ಹುಟ್ಟಿದ ಮಗ ದಿಯೆಗೊ. ತಾಯಿಯ ಕಡೆಯ ಕಟ್ಟಿನ ಪ್ರಕಾರ ಸೋದರಮಾವನ ನಂತರ ಊರಿನ ಒಡೆತನ ಅವನದು, ಮುಯಿಸ್ಕಾಗಳು ಅವನನ್ನೇ ಒಪ್ಪಿಕೊಂಡರು. ತಂದೆಯ ಸ್ಪೇನ್ ಸಂಸಾರದ ಮಗ ಪೆದ್ರೊ ಅದೇ ಊರಿನ ತೆರಿಗೆಯ ಹಕ್ಕುದಾರ. ಒಬ್ಬ ಅಣ್ಣ ಊರನ್ನು ಹಿಂಡುವವನು, ಒಬ್ಬ ತಮ್ಮ ಊರನ್ನು ಕಾಯಬೇಕಾದವನು. ಬೆರಕೆ ರಕ್ತದವನು ಒಡೆಯನಾಗುವಂತಿಲ್ಲವೆಂದು ಪೆದ್ರೊನ ಕಡೆಯವರು ವಾದಿಸಿದರು, ಸಾಂತಾಫೆಯ ನ್ಯಾಯಾಲಯ ದಿಯೆಗೊನನ್ನು ಪಟ್ಟದಿಂದ ಇಳಿಸಿತು. ಅವನು ಸುಮ್ಮನಿರಲಿಲ್ಲ. ಅಪ್ಪನ ಭಾಷೆ, ಅಪ್ಪನ ಕಾನೂನು ಎರಡೂ ಅವನಿಗೆ ಬರುತ್ತಿದ್ದವು. ಸಾಗರ ದಾಟಿ ದೊರೆ ಎರಡನೆಯ ಫಿಲಿಪನ ಮುಂದೆ ನಿಂತ; ಮರಳಿ ಬಂದಾಗ ದಂಗೆಯ ಸಂಚಿನ ಆರೋಪ ಹೊರಿಸಿ ಸೆರೆಗೆ ಹಾಕಿದರು; ತಪ್ಪಿಸಿಕೊಂಡ; ಮತ್ತೆ ಸ್ಪೇನಿಗೆ ಹೋದ. 1584ರ ಅವನ ಅಹವಾಲಿನಲ್ಲಿ ಮುಯಿಸ್ಕಾಗಳ ಮೇಲೆ ಹೊರೆ ಹೊರಿಸುವುದು, ಮಿತಿಮೀರಿದ ತೆರಿಗೆ, ಹೆಂಗಸರನ್ನು ಮನೆಗೆಲಸಕ್ಕೆ ಎಳೆದೊಯ್ಯುವುದು, ನ್ಯಾಯಾಧೀಶರೇ ಇದರಲ್ಲಿ ಪಾಲುದಾರರಾಗಿರುವುದು ಎಲ್ಲವೂ ದಾಖಲಾಗಿದೆ. ಸಾಂತಾಫೆ ಮತ್ತು ತುನ್ಹಾ ಸೀಮೆಗಳ ಊರು, ನದಿ, ದಾರಿಗಳನ್ನು ಗುರುತಿಸಿದ ನಕ್ಷೆಗಳನ್ನೂ ಅವನು ಬರೆಸಿ ಒಪ್ಪಿಸಿದ. ದೊರೆಯ ಮಂಡಳಿ ಅವನ ಮಾತು ಕೇಳಿಸಿಕೊಂಡಿತು, ಜೀವನಕ್ಕೆ ಇಷ್ಟು ಹಣ ಕೊಟ್ಟಿತು, ಊರನ್ನು ಮಾತ್ರ ಹಿಂದಿರುಗಿಸಲಿಲ್ಲ. ತುರ್ಮೆಕೆಯ ಒಡೆತನದ ಹಕ್ಕನ್ನು ಬಿಟ್ಟುಕೊಡದೆಯೇ ದಿಯೆಗೊ ದೆ ತೋರೆಸ್ 1590ರಲ್ಲಿ ಮ್ಯಾಡ್ರಿಡ್‌ನಲ್ಲಿ ತೀರಿಕೊಂಡ.